ಸಂಡೂರಿನ ಅದಿರು, ದೊಡ್ಡ ದೇಶಗಳ ಪೈಪೋಟಿ: ವಡ್ಡು ಊರಿನಿಂದ ನೋಡಿದರೆ ಏನು ಕಾಣುತ್ತದೆ?

ವಿದೇಶಾಂಗ ನೀತಿ ಅಂದ ತಕ್ಷಣ ನಮ್ಮ ಕಣ್ಣ ಮುಂದೆ ಬರುವುದು ದೆಹಲಿ, ಬೀಜಿಂಗ್, ಮಾಸ್ಕೋ, ವಾಷಿಂಗ್ಟನ್. ಕೈಕುಲುಕುವ ನಾಯಕರು, ಶೃಂಗಸಭೆ, ಜಂಟಿ ಹೇಳಿಕೆ. ಟಿವಿಯಲ್ಲಿ ಇದನ್ನೆಲ್ಲ ಚದುರಂಗದ ಆಟದ ಥರ ವಿವರಿಸುತ್ತಾರೆ. ನೋಡುವವರಿಗೂ ಇದು ಎಲ್ಲೋ ದೂರದ, ದೊಡ್ಡವರ ವ್ಯವಹಾರ ಅನ್ನಿಸಿಬಿಡುತ್ತದೆ.

ಒಮ್ಮೆ ಬಳ್ಳಾರಿ ಜಿಲ್ಲೆ ಸಂಡೂರು ತಾಲೂಕಿನ ವಡ್ಡು ಗ್ರಾಮದ ಕಡೆ ಬನ್ನಿ. ಪಕ್ಕದಲ್ಲೇ ತೋರಣಗಲ್ಲು, ಕುರೇಕುಪ್ಪ. ಅಲ್ಲೇ ದೇಶದ ಅತಿ ದೊಡ್ಡ ಉಕ್ಕಿನ ಕಾರ್ಖಾನೆಗಳಲ್ಲಿ ಒಂದಾದ ಜೆಎಸ್‌ಡಬ್ಲ್ಯೂ ವಿಜಯನಗರ ಸ್ಥಾವರ. ಅದರ ಆಚೆ ಸಂಡೂರಿನ ಕೆಂಪು ಗುಡ್ಡಗಳು. ಈ ಸೀಮೆಯಲ್ಲಿ ಯಾವ ವರ್ಷ ಎಷ್ಟು ಲಾರಿ ಓಡುತ್ತವೆ, ಯಾವ ಗುಡ್ಡ ಅಗೆಯುತ್ತಾರೆ, ಯಾರಿಗೆ ಕೆಲಸ ಸಿಗುತ್ತದೆ, ಯಾರ ಹೊಲದ ಮೇಲೆ ಧೂಳು ಕೂರುತ್ತದೆ ಎಂಬುದನ್ನೆಲ್ಲ ತೀರ್ಮಾನಿಸುವುದರಲ್ಲಿ ಬೀಜಿಂಗ್, ಮಾಸ್ಕೋ, ಟೋಕಿಯೊ, ಬ್ರಸೆಲ್ಸ್‌ಗಳ ಪಾಲು ದೊಡ್ಡದು. ಇದು ನಿನ್ನೆ ಮೊನ್ನೆ ಶುರುವಾದದ್ದೂ ಅಲ್ಲ. ಹಂಪಿ ರಾಜಧಾನಿಯಾಗಿದ್ದ ಕಾಲದಿಂದಲೂ ಹೀಗೇ ಇದೆ.

ಈ ನಂಟು ಹೇಗೆ ಕೆಲಸ ಮಾಡುತ್ತದೆ, ಇದುವರೆಗೆ ಏನಾಗಿದೆ, ಈಗ ಏನು ನಡೆಯುತ್ತಿದೆ ಎಂಬುದನ್ನು ಒಂದೊಂದಾಗಿ ನೋಡೋಣ.

ಮೊದಲು ಒಂದು ಸರಳ ಲೆಕ್ಕ

ಊದುಕುಲುಮೆಯಲ್ಲಿ ಒಂದು ಟನ್ ಉಕ್ಕು ಮಾಡಬೇಕಾದರೆ ಸುಮಾರು ಒಂದೂವರೆ ಟನ್‌ಗೂ ಹೆಚ್ಚು ಕಬ್ಬಿಣದ ಅದಿರು ಬೇಕು, ಮುಕ್ಕಾಲು ಟನ್ ಆಸುಪಾಸು ಕೋಕಿಂಗ್ ಕಲ್ಲಿದ್ದಲು ಬೇಕು. ಜೊತೆಗೆ ಸುಣ್ಣದ ಕಲ್ಲು, ಸ್ವಲ್ಪ ಮ್ಯಾಂಗನೀಸ್. ಸಂಡೂರು-ಹೊಸಪೇಟೆ ಭಾಗದಲ್ಲಿ ಒಳ್ಳೆಯ ದರ್ಜೆಯ ಅದಿರಿದೆ, ಮ್ಯಾಂಗನೀಸ್ ಇದೆ. ಇಲ್ಲದಿರುವುದು ಕೋಕಿಂಗ್ ಕಲ್ಲಿದ್ದಲು. ಇಡೀ ದೇಶಕ್ಕೇ ಅದರ ಕೊರತೆ. ಭಾರತದ ಉಕ್ಕು ಉದ್ಯಮ ತನಗೆ ಬೇಕಾದ ಕೋಕಿಂಗ್ ಕಲ್ಲಿದ್ದಲಿನಲ್ಲಿ ಬಹುಪಾಲನ್ನು ಹೊರಗಿನಿಂದಲೇ ತರಿಸುತ್ತದೆ. ಆಸ್ಟ್ರೇಲಿಯಾ ಮೊದಲ ಸ್ಥಾನದಲ್ಲಿದೆ. ನಂತರ ಅಮೆರಿಕ, ರಷ್ಯಾ, ಮೊಜಾಂಬಿಕ್ ಬರುತ್ತವೆ.

ಅಂದರೆ ಈ ಸೀಮೆಗೆ ಎರಡು ಬಾಗಿಲು. ಒಂದರಿಂದ ಅದಿರು ಅಥವಾ ಉಕ್ಕು ಹೊರಗೆ ಹೋಗುತ್ತದೆ, ಇನ್ನೊಂದರಿಂದ ಕಲ್ಲಿದ್ದಲು, ಯಂತ್ರ, ತಂತ್ರಜ್ಞಾನ ಒಳಗೆ ಬರುತ್ತವೆ. ಎರಡೂ ಬಾಗಿಲುಗಳ ಆಚೆ ನಿಂತಿರುವವರು ಪರಸ್ಪರ ಆಗದ ದೇಶಗಳು. ಅವರ ನಡುವೆ ಜಗಳ ಜೋರಾದಾಗಲೆಲ್ಲ ಇಲ್ಲಿನ ಬೆಲೆ ಏರುತ್ತದೆ, ಇಲ್ಲವೇ ಬೀಳುತ್ತದೆ.

1547: ಕುದುರೆ ಬರಲಿ, ಕಬ್ಬಿಣ ಹೋಗಲಿ

ಐನೂರು ವರ್ಷ ಹಿಂದೆ ಇದೇ ಎರಡು ಬಾಗಿಲ ವ್ಯವಹಾರ ಹಂಪಿಯಲ್ಲಿತ್ತು. ಆಗ ಹೊರಗಿನಿಂದ ಬರಬೇಕಾಗಿದ್ದ ಸಾಮಾನು ಕುದುರೆ. ಯುದ್ಧಕ್ಕೆ ಬೇಕಾದ ಜಾತಿ ಕುದುರೆ ದಖ್ಖನ್ನಿನಲ್ಲಿ ಹುಟ್ಟಿ ಬೆಳೆಯುತ್ತಿರಲಿಲ್ಲ. ಅರಬ್ಬೀ ಮತ್ತು ಪರ್ಷಿಯನ್ ಕುದುರೆಗಳು ಹೊರ್ಮುಜ್ ಬಂದರಿನಿಂದ ಹಡಗಿನಲ್ಲಿ ಪಶ್ಚಿಮ ಕರಾವಳಿಗೆ ಬಂದು, ಘಟ್ಟ ಹತ್ತಿ ಹಂಪಿ ಸೇರುತ್ತಿದ್ದವು. ವಿಜಯನಗರದ ರಾಯರು ವರ್ಷಕ್ಕೆ 13,000 ಹೊರ್ಮುಜ್ ಕುದುರೆ ಕೊಳ್ಳುತ್ತಿದ್ದರು ಎಂದು ಪೋರ್ಚುಗೀಸ್ ಕುದುರೆ ವ್ಯಾಪಾರಿ ನ್ಯೂನಿಜ್ ಬರೆದಿಟ್ಟಿದ್ದಾನೆ. ಸಂಖ್ಯೆಯಲ್ಲಿ ಉತ್ಪ್ರೇಕ್ಷೆ ಇದ್ದರೂ ಇರಬಹುದು. ಆದರೆ ಖರ್ಚು ದೊಡ್ಡದಾಗಿತ್ತು ಎಂಬುದರಲ್ಲಿ ಅನುಮಾನವಿಲ್ಲ.

ಹಂಪಿ ಆಗ ರಾಜತಾಂತ್ರಿಕರ ಊರೂ ಆಗಿತ್ತು. 1443ರಲ್ಲಿ ಹೆರಾತಿನ ತೈಮೂರಿ ದೊರೆ ಶಾರುಖ್‌ನ ರಾಯಭಾರಿ ಅಬ್ದುರ್ ರಜಾಕ್ ಇಮ್ಮಡಿ ದೇವರಾಯನ ಆಸ್ಥಾನಕ್ಕೆ ಬಂದ. ಇವನು ನಿಜವಾದ ರಾಯಭಾರಿಯೇ ಅಲ್ಲ ಎಂದು ಹೊರ್ಮುಜ್‌ನ ವರ್ತಕರು ಆಸ್ಥಾನದಲ್ಲಿ ಸುದ್ದಿ ಹಬ್ಬಿಸಿದ್ದನ್ನು ಅವನೇ ಬರೆದುಕೊಂಡಿದ್ದಾನೆ. ಮಧ್ಯ ಏಷ್ಯಾ ಮತ್ತು ಪರ್ಷಿಯಾ ಕೊಲ್ಲಿಯ ಪೈಪೋಟಿ ತುಂಗಭದ್ರೆಯ ದಡದಲ್ಲೂ ನಡೆಯುತ್ತಿತ್ತು ಅನ್ನೋದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

1510ರಲ್ಲಿ ಅಲ್ಬುಕರ್ಕ್ ಗೋವಾವನ್ನು ಬಿಜಾಪುರದಿಂದ ಕಿತ್ತುಕೊಂಡ ಮೇಲೆ ಕುದುರೆಯ ಬಾಗಿಲು ಪೋರ್ಚುಗೀಸರ ಕೈಗೆ ಹೋಯಿತು. ಕುದುರೆ ಯಾರಿಗೆ ಸಿಗಬೇಕು, ವಿಜಯನಗರಕ್ಕೋ ಬಿಜಾಪುರಕ್ಕೋ? ಇದೇ ಆ ಕಾಲದ ದೊಡ್ಡ ಪ್ರಶ್ನೆ. 1547ರ ಸೆಪ್ಟೆಂಬರ್‌ನಲ್ಲಿ ಪೋರ್ಚುಗೀಸ್ ಗವರ್ನರ್ ಜೊವಾವ್ ದೆ ಕ್ಯಾಸ್ಟ್ರೊ ವಿಜಯನಗರದ ಜೊತೆ ಒಂದು ಒಪ್ಪಂದ ಮಾಡಿಕೊಂಡ. ಸದಾಶಿವರಾಯ ಸಿಂಹಾಸನದಲ್ಲಿದ್ದರೂ ಅಧಿಕಾರ ಅಳಿಯ ರಾಮರಾಯನ ಕೈಯಲ್ಲಿದ್ದ ಕಾಲ ಅದು. ಗೋವಾಕ್ಕೆ ಬರುವ ಕುದುರೆಗಳು ವಿಜಯನಗರಕ್ಕೇ ಹೋಗಬೇಕು, ಬಿಜಾಪುರಕ್ಕೆ ಹೋಗಕೂಡದು ಎಂಬುದು ಒಂದು ಷರತ್ತು. ಅದಕ್ಕೆ ಬದಲಾಗಿ ವಿಜಯನಗರ ತನ್ನ ರಾಜ್ಯದ ಕಬ್ಬಿಣ ಮತ್ತು ಮದ್ದಿಗೆ ಬೇಕಾದ ಪೆಟ್ಲುಪ್ಪನ್ನು ಆದಿಲಶಾಹಿ ಸೀಮೆಗೆ ಬಿಡಬಾರದು, ತನ್ನದೇ ಬಂದರುಗಳಿಗೆ ತರಿಸಬೇಕು, ಅಲ್ಲಿ ಪೋರ್ಚುಗೀಸರು ಕೊಳ್ಳುತ್ತಾರೆ. ಒಪ್ಪಂದದಲ್ಲಿ ಅಂಕೋಲಾ, ಹೊನ್ನಾವರಗಳ ಹೆಸರೂ ಇದೆ.

ಇವತ್ತಿನ ಭಾಷೆಯಲ್ಲಿ ಹೇಳಬೇಕೆಂದರೆ ಇದು ರಫ್ತು ನಿರ್ಬಂಧ, ಆಯಕಟ್ಟಿನ ಖನಿಜ ಮತ್ತು ಪೂರೈಕೆ ಸರಪಳಿಯ ಒಪ್ಪಂದ. ಎಷ್ಟು ದಿನ ಬಾಳಿತು? ಕ್ಯಾಸ್ಟ್ರೊ 1548ರಲ್ಲಿ ತೀರಿಕೊಂಡ. ಅದೇ ವರ್ಷ ಅವನ ನಂತರ ಬಂದ ಗವರ್ನರ್ ಬಿಜಾಪುರದ ಜೊತೆಗೂ ಸಂಧಿ ಮಾಡಿಕೊಂಡ. 1565ರಲ್ಲಿ ರಕ್ಕಸಗಿ-ತಂಗಡಗಿ ಯುದ್ಧದಲ್ಲಿ ರಾಮರಾಯ ಸತ್ತ, ಹಂಪಿ ಹಾಳಾಯಿತು. ಹೊರಗಿನ ಶಕ್ತಿ ತನ್ನ ಲಾಭ ಇರುವಷ್ಟು ದಿನ ಮಾತ್ರ ಜೊತೆಗಿರುತ್ತದೆ ಎಂಬ ಪಾಠವನ್ನು ಈ ನೆಲ ಆಗಲೇ ಕಲಿತಿತ್ತು.

ಮ್ಯಾಂಗನೀಸ್: ರಷ್ಯಾ ಬಾಗಿಲು ಮುಚ್ಚಿದಾಗ

ಇಪ್ಪತ್ತನೇ ಶತಮಾನದಲ್ಲಿ ಕುದುರೆಯ ಜಾಗಕ್ಕೆ ಉಕ್ಕು ಬಂತು. ಉಕ್ಕು ಗಟ್ಟಿಯಾಗಬೇಕಾದರೆ ಮ್ಯಾಂಗನೀಸ್ ಬೇಕು. ಜಗತ್ತಿನ ದೊಡ್ಡ ಮ್ಯಾಂಗನೀಸ್ ಗಣಿಗಳಿದ್ದದ್ದು ರಷ್ಯಾ ಸಾಮ್ರಾಜ್ಯದಲ್ಲಿ. ಈಗಿನ ಜಾರ್ಜಿಯಾದ ಚಿಯಾತುರಾ ಮತ್ತು ಈಗಿನ ಉಕ್ರೇನಿನ ನಿಕೋಪೋಲ್ ಅದರಲ್ಲಿ ಮುಖ್ಯವಾದವು. 1914ರಲ್ಲಿ ಒಟ್ಟೋಮನ್ ತುರ್ಕರು ದಾರ್ದನೆಲ್ಸ್ ಜಲಸಂಧಿ ಮುಚ್ಚಿದಾಗ ಕಪ್ಪು ಸಮುದ್ರದಿಂದ ಹಡಗು ಹೊರಬರುವುದೇ ನಿಂತಿತು. ಬ್ರಿಟನ್ನಿನ ಉಕ್ಕು ಕಾರ್ಖಾನೆಗಳಿಗೆ ಭಾರತದ ಮ್ಯಾಂಗನೀಸ್ ಅನಿವಾರ್ಯವಾಯಿತು.

ಇದೇ ಕಥೆ ಶೀತಲ ಸಮರದ ಆರಂಭದಲ್ಲಿ ಮತ್ತೆ ನಡೆಯಿತು. 1949ರ ಹೊತ್ತಿಗೆ ಸೋವಿಯತ್ ಒಕ್ಕೂಟ ಅಮೆರಿಕಕ್ಕೆ ಕಳಿಸುತ್ತಿದ್ದ ಮ್ಯಾಂಗನೀಸನ್ನು ತೀವ್ರವಾಗಿ ಕಡಿತ ಮಾಡಿತು. ಅಮೆರಿಕ ಭಾರತದ ಕಡೆ ತಿರುಗಿತು. ಸಂಡೂರು ಸಂಸ್ಥಾನ ಭಾರತದಲ್ಲಿ ವಿಲೀನವಾದದ್ದೂ ಅದೇ 1949ರಲ್ಲಿ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಮರುವರ್ಷ, 1954ರಲ್ಲಿ, ಸಂಡೂರಿನ ರಾಜಮನೆತನದ ಯಶವಂತರಾವ್ ಘೋರ್ಪಡೆ ಸಂಡೂರು ಮ್ಯಾಂಗನೀಸ್ ಅಂಡ್ ಐರನ್ ಓರ್ಸ್ ಕಂಪನಿ ಶುರು ಮಾಡಿದರು. ಮಾಸ್ಕೋ-ವಾಷಿಂಗ್ಟನ್ ಮುನಿಸಿನಿಂದ ಮ್ಯಾಂಗನೀಸಿಗೆ ಜಗತ್ತಿನ ಮಾರುಕಟ್ಟೆಯಲ್ಲಿ ಬೆಲೆ ಬಂದಿದ್ದ ಕಾಲ ಅದು.

ನಂತರ ಜಪಾನ್ ಬಂತು. ಯುದ್ಧದಲ್ಲಿ ಸೋತು ಮತ್ತೆ ಎದ್ದ ಜಪಾನಿನಲ್ಲಿ ಉಕ್ಕಿನ ಕಾರ್ಖಾನೆಗಳಿದ್ದವು, ಅದಿರು ಇರಲಿಲ್ಲ. ಎನ್‌ಎಂಡಿಸಿ 1977ರಲ್ಲಿ ಸಂಡೂರು ತಾಲೂಕಿನ ದೋಣಿಮಲೈ ಗಣಿ ಆರಂಭಿಸಿದಾಗ ಅದರ ಕಣ್ಣು ರಫ್ತಿನ ಮೇಲಿತ್ತು. ಅಲ್ಲಿನ ಅದಿರು ರೈಲಿನಲ್ಲಿ ಮದರಾಸು ಬಂದರಿಗೆ ಹೋಗಿ ಹಡಗು ಹತ್ತುತ್ತಿತ್ತು. ಹಾಗೆ ನೋಡಿದರೆ 1971ರಲ್ಲೇ ಇಂದಿರಾ ಗಾಂಧಿ ಈ ಸೀಮೆಯಲ್ಲಿ ಸರ್ಕಾರಿ ಉಕ್ಕು ಕಾರ್ಖಾನೆಗೆ ಅಡಿಗಲ್ಲು ಹಾಕಿದ್ದರು. ಆ ಕಾರ್ಖಾನೆ ಏಳಲೇ ಇಲ್ಲ. ಅದಿರು ಹೊರಗೆ ಹೋಗುವುದಕ್ಕೆ ದಾರಿಯಾಯಿತು, ಇಲ್ಲೇ ಉಕ್ಕು ಮಾಡುವುದಕ್ಕೆ ಇನ್ನೂ ಇಪ್ಪತ್ತೈದು ವರ್ಷ ಕಾಯಬೇಕಾಯಿತು.

ಇರಾನಿನ ಷಾ ಮತ್ತು ಕುದುರೆಮುಖ

ಒಬ್ಬನೇ ಗಿರಾಕಿಯನ್ನು ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಕರ್ನಾಟಕದಲ್ಲೇ ಒಳ್ಳೆಯ ಉದಾಹರಣೆಯಿದೆ. 1973ರ ತೈಲ ಬಿಕ್ಕಟ್ಟಿನ ನಂತರ ಇರಾನಿನ ಷಾ ಕೈಯಲ್ಲಿ ದುಡ್ಡು ತುಂಬಿತ್ತು. 1975ರ ನವೆಂಬರ್‌ನಲ್ಲಿ ಭಾರತ-ಇರಾನ್ ಒಪ್ಪಂದವಾಯಿತು. ಇರಾನ್ 63 ಕೋಟಿ ಡಾಲರ್ ಸಾಲ ಕೊಡುತ್ತದೆ. ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖದಲ್ಲಿ ಗಣಿ, ಕಾರ್ಖಾನೆ, ಮಂಗಳೂರಿನವರೆಗೆ ಕೊಳವೆ ಮಾರ್ಗ ಆಗುತ್ತದೆ. ವರ್ಷಕ್ಕೆ 75 ಲಕ್ಷ ಟನ್ ಅದಿರಿನ ಹುಡಿ ಇರಾನಿಗೆ ಹೋಗುತ್ತದೆ. 1976ರ ಏಪ್ರಿಲ್‌ನಲ್ಲಿ ಕುದುರೆಮುಖ ಕಂಪನಿ ಹುಟ್ಟಿತು. ಮಳೆಕಾಡಿನ ನಡುವೆ ಒಂದು ಊರೇ ಎದ್ದಿತು.

1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಗಿ ಷಾ ಓಡಿಹೋದ. ಸಾಲದ ಕಂತು ಅರ್ಧದಲ್ಲೇ ನಿಂತಿತು, ಅದಿರು ಕೊಳ್ಳುವವರಿಲ್ಲ. 1980ರಲ್ಲಿ ಕಾರ್ಖಾನೆ ಸಿದ್ಧವಾದಾಗ ಯಾರಿಗಾಗಿ ಅದನ್ನು ಕಟ್ಟಲಾಗಿತ್ತೋ ಆ ಗಿರಾಕಿಯೇ ಇರಲಿಲ್ಲ. ಕಂಪನಿ ಬೇರೆ ಮಾರುಕಟ್ಟೆ ಹುಡುಕಿ, ಮಂಗಳೂರಿನಲ್ಲಿ ಉಂಡೆ ಕಟ್ಟುವ ಕಾರ್ಖಾನೆ ಹಾಕಿ ಹೇಗೋ ಬದುಕಿಕೊಂಡಿತು. ಕೊನೆಗೆ ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಡಿಸೆಂಬರ್ 31ಕ್ಕೆ ಕುದುರೆಮುಖದ ಗಣಿ ನಿಂತಿತು. ಈ ಕಂಪನಿಯ ಹೆಸರನ್ನು ನೆನಪಿಟ್ಟುಕೊಳ್ಳಿ, ಸಂಡೂರಿನ ಕಥೆಗೆ ಅದು ಮತ್ತೆ ಬರುತ್ತದೆ.

ಬೀಜಿಂಗ್‌ಗೆ ಹಸಿವಾದಾಗ

2000ನೇ ಇಸವಿಯಲ್ಲಿ ಚೀನಾ ಸುಮಾರು 13 ಕೋಟಿ ಟನ್ ಉಕ್ಕು ತಯಾರಿಸುತ್ತಿತ್ತು. 2010ಕ್ಕೆ ಅದು 60 ಕೋಟಿ ಟನ್ ದಾಟಿತು. ಒಲಿಂಪಿಕ್ಸ್, ಹೆದ್ದಾರಿ, ಬಂದರು, ಹೊಸ ಹೊಸ ನಗರಗಳು. ಅದಿರು ಎಲ್ಲಿ ಸಿಕ್ಕರೂ ಬೇಕು. ಅಲ್ಲಿಯವರೆಗೆ ಇಲ್ಲಿ ಕೇಳುವವರಿಲ್ಲದೆ ಗುಡ್ಡೆ ಬಿದ್ದಿದ್ದ ಪುಡಿ ಅದಿರಿಗೂ ಚಿನ್ನದ ಬೆಲೆ ಬಂತು. 2008ರ ಆರಂಭದಲ್ಲಿ ಚೀನಾದ ಬಂದರಿನಲ್ಲಿ ಒಂದು ಟನ್ ಅದಿರು 190 ಡಾಲರ್ ಆಸುಪಾಸು ಮುಟ್ಟಿತ್ತು. ಅದೇ ಹೊತ್ತಲ್ಲಿ ಇಲ್ಲಿ ಸರ್ಕಾರಕ್ಕೆ ಕಟ್ಟಬೇಕಿದ್ದ ರಾಯಧನ ಟನ್‌ಗೆ ಹತ್ತಿಪ್ಪತ್ತು ರೂಪಾಯಿ.

ಈ ಅಂತರವೇ ಎಲ್ಲಕ್ಕೂ ಮೂಲ. ಸಂಡೂರು, ಹೊಸಪೇಟೆ ರಸ್ತೆಗಳಲ್ಲಿ ಲಾರಿಗಳ ಸಾಲು ಮುಗಿಯುತ್ತಿರಲಿಲ್ಲ. ಜೋಳ ಬೆಳೆಯುತ್ತಿದ್ದ ಹೊಲಗಳಲ್ಲೇ ಮಣ್ಣು ಅಗೆದು ಅದಿರು ಆರಿಸಿದರು. ಮಕ್ಕಳು ಶಾಲೆ ಬಿಟ್ಟು ಸುತ್ತಿಗೆ ಹಿಡಿದರು. ಪರ್ಮಿಟ್ ಒಂದು, ಲೋಡ್ ನಾಲ್ಕು. ಅದಿರು ಬೇಲೆಕೇರಿ, ಗೋವಾ, ಮಂಗಳೂರು, ಕೃಷ್ಣಪಟ್ಟಣಂ, ಚೆನ್ನೈ ಹೀಗೆ ಎಲ್ಲ ದಿಕ್ಕಿಗೂ ಹೋಯಿತು. ಬೇಲೆಕೇರಿ ಇರುವುದು ಅಂಕೋಲಾ ತಾಲೂಕಿನಲ್ಲಿ. 1547ರ ಒಪ್ಪಂದದಲ್ಲಿ ಹೆಸರಿದ್ದ ಅದೇ ಕರಾವಳಿ. 2010ರಲ್ಲಿ ಅಲ್ಲಿ ಅಧಿಕಾರಿಗಳು ಜಪ್ತಿ ಮಾಡಿಟ್ಟಿದ್ದ ಲಕ್ಷಾಂತರ ಟನ್ ಅದಿರೇ ಮಾಯವಾಯಿತು.

ಧಾರವಾಡದ ಸಮಾಜ ಪರಿವರ್ತನ ಸಮುದಾಯ 2009ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಷೇಧಿಸಿತು. 2011ರ ಜುಲೈ 27ರಂದು ಲೋಕಾಯುಕ್ತ ಸಂತೋಷ್ ಹೆಗ್ಡೆ ವರದಿ ಕೊಟ್ಟರು. 2006ರಿಂದ 2010ರ ನಡುವೆ ಸುಮಾರು 2.98 ಕೋಟಿ ಟನ್ ಅದಿರು ಅಕ್ರಮವಾಗಿ ರಫ್ತಾಗಿದೆ, ಅದರ ಬೆಲೆ 12,228 ಕೋಟಿ ರೂಪಾಯಿ ಎಂಬುದು ಅದರ ಅಂದಾಜು. ಎರಡೇ ದಿನಕ್ಕೆ, ಜುಲೈ 29ರಂದು, ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಳನ್ನೆಲ್ಲ ನಿಲ್ಲಿಸಿತು.

ಇಲ್ಲಿ ಒಂದು ವಿಷಯ ಬಿಡಿಸಿ ನೋಡಬೇಕು. ಬೇಡಿಕೆ ಬಂದದ್ದು ಬೀಜಿಂಗ್‌ನಿಂದ. ಆದರೆ ಚೆಕ್‌ಪೋಸ್ಟ್ ಇದ್ದದ್ದು ನಮ್ಮ ರಸ್ತೆಯಲ್ಲಿ, ಪರ್ಮಿಟ್ ಕೊಟ್ಟದ್ದು ನಮ್ಮ ಇಲಾಖೆ, ರಾಯಧನದ ದರ ಇಟ್ಟದ್ದು ನಮ್ಮ ಸರ್ಕಾರ. ಅದೇ ಚೀನಾಕ್ಕೆ ಆಸ್ಟ್ರೇಲಿಯಾವೂ ಅದಿರು ಮಾರಿತು, ಬ್ರೆಜಿಲ್ ಕೂಡ ಮಾರಿತು. ಇಲ್ಲಿ ಆದದ್ದನ್ನು ಚೀನಾದ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದಕ್ಕೆ ಆಗುವುದಿಲ್ಲ.

ಈಗ: ಒಂದೇ ಕುಲುಮೆಯಲ್ಲಿ ಎಲ್ಲ ಬಣಗಳು

ಭಾರತ ಒಂದು ಕಡೆ ಅಮೆರಿಕ, ಜಪಾನ್, ಆಸ್ಟ್ರೇಲಿಯಾ ಜೊತೆ ಕ್ವಾಡ್‌ನಲ್ಲಿದೆ. ಇನ್ನೊಂದು ಕಡೆ ರಷ್ಯಾ, ಚೀನಾ, ಇರಾನ್ ಇರುವ ಬ್ರಿಕ್ಸ್ ಮತ್ತು ಶಾಂಘೈ ಸಹಕಾರ ಸಂಸ್ಥೆಯಲ್ಲೂ ಇದೆ. ಪಂಡಿತರು ಇದನ್ನು ಬಹುಪಕ್ಷೀಯ ಹೊಂದಾಣಿಕೆ ಅನ್ನುತ್ತಾರೆ. ಪುಸ್ತಕದಲ್ಲಿ ಓದಿದರೆ ಅರ್ಥವಾಗದಿದ್ದರೆ ಉಕ್ಕಿನ ಕುಲುಮೆಯನ್ನು ನೋಡಿ.

ಕಲ್ಲಿದ್ದಲು ಮುಖ್ಯವಾಗಿ ಆಸ್ಟ್ರೇಲಿಯಾದ್ದು, ಅಂದರೆ ಕ್ವಾಡ್ ಗೆಳೆಯನದ್ದು. 2020ರ ಕೊನೆಗೆ ಚೀನಾ ಆಸ್ಟ್ರೇಲಿಯಾದ ಮೇಲೆ ಸಿಟ್ಟಾಗಿ ಅಲ್ಲಿನ ಕಲ್ಲಿದ್ದಲು ಕೊಳ್ಳುವುದು ನಿಲ್ಲಿಸಿದಾಗ ಬೆಲೆ ಬಿದ್ದು ಭಾರತದ ಕಾರ್ಖಾನೆಗಳಿಗೆ ಕೆಲವು ತಿಂಗಳು ಅನುಕೂಲವಾಯಿತು. 2021ರಲ್ಲಿ ಭಾರತ ರಷ್ಯಾದ ಜೊತೆ ಕೋಕಿಂಗ್ ಕಲ್ಲಿದ್ದಲಿನ ತಿಳುವಳಿಕೆ ಪತ್ರಕ್ಕೆ ಸಹಿ ಹಾಕಿತು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾಗಿ ಯುರೋಪ್ ರಷ್ಯಾದ ಕಲ್ಲಿದ್ದಲು ಬೇಡ ಅಂದ ಮೇಲೆ ಅದು ಇನ್ನಷ್ಟು ಅಗ್ಗವಾಗಿ ಭಾರತದ ಕಡೆ ಹರಿಯಿತು.

ಕಲ್ಲಿದ್ದಲು ಬರುವ ದಾರಿಗಳಲ್ಲಿ ಒಂದು ಗೋವಾದ ಮುರ್ಮುಗಾಂವ್ ಬಂದರು. ಅಲ್ಲಿಂದ ಕ್ಯಾಸಲ್‌ರಾಕ್ ಘಟ್ಟ ಹತ್ತಿ, ಹುಬ್ಬಳ್ಳಿ, ಗದಗ, ಹೊಸಪೇಟೆ ಮೇಲೆ ರೈಲು ತೋರಣಗಲ್ಲಿಗೆ ಬರುತ್ತದೆ. ಕುದುರೆಗಳೂ ಗೋವಾದಿಂದ ಘಟ್ಟ ಹತ್ತಿಯೇ ಬರುತ್ತಿದ್ದವು. ಈ ರೈಲು ಮಾರ್ಗವನ್ನು ಜೋಡಿ ಹಳಿ ಮಾಡುವುದನ್ನು ಗೋವಾದ ಜನ ವಿರೋಧಿಸುತ್ತಾ ಬಂದಿದ್ದಾರೆ. ಅವರ ಮನೆಗಳಿಗೆ ಕಪ್ಪು ಧೂಳು, ಇಲ್ಲಿನ ಮನೆಗಳಿಗೆ ಕೆಂಪು ಧೂಳು.

ತಂತ್ರಜ್ಞಾನದಲ್ಲಿ ಜಪಾನ್ ಇದೆ. 2010ರಲ್ಲಿ ಜಪಾನಿನ ಜೆಎಫ್‌ಇ ಸ್ಟೀಲ್ ಜೆಎಸ್‌ಡಬ್ಲ್ಯೂ ಸ್ಟೀಲ್‌ನಲ್ಲಿ ಸುಮಾರು ಶೇ 15ರಷ್ಟು ಪಾಲು ಕೊಂಡಿತು. ಟ್ರಾನ್ಸ್‌ಫಾರ್ಮರ್‌ಗಳಿಗೆ ಬೇಕಾಗುವ ವಿಶೇಷ ವಿದ್ಯುತ್ ಉಕ್ಕನ್ನು ಬಳ್ಳಾರಿಯಲ್ಲೇ ತಯಾರಿಸುವುದಕ್ಕೆ ಈಗ ಎರಡೂ ಕಂಪನಿಗಳು ಜಂಟಿ ಸಂಸ್ಥೆ ಕಟ್ಟಿವೆ. ಈ ಉಕ್ಕಿನ ವಿದ್ಯೆ ಜಗತ್ತಿನಲ್ಲಿ ಬೆರಳೆಣಿಕೆಯ ದೇಶಗಳ ಕೈಯಲ್ಲಿದೆ, ಸುಲಭಕ್ಕೆ ಯಾರೂ ಬಿಟ್ಟುಕೊಡುವುದಿಲ್ಲ.

ಚೀನಾ ಈಗ ಗಿರಾಕಿಗಿಂತ ಹೆಚ್ಚಾಗಿ ಎದುರಾಳಿ. ಜಗತ್ತಿನ ಅರ್ಧಕ್ಕಿಂತ ಹೆಚ್ಚು ಉಕ್ಕು ಅಲ್ಲೇ ತಯಾರಾಗುತ್ತದೆ. ಅಲ್ಲಿ ಮನೆ ಕಟ್ಟುವ ಕೆಲಸ ನಿಧಾನವಾದ ಮೇಲೆ ಮಿಕ್ಕ ಉಕ್ಕು ಹೊರಗೆ ಬರುತ್ತಿದೆ. 2024ರಲ್ಲಿ ಚೀನಾ 11 ಕೋಟಿ ಟನ್ ಉಕ್ಕು ರಫ್ತು ಮಾಡಿತು. ಭಾರತ ಸಿದ್ಧ ಉಕ್ಕನ್ನು ಮಾರುವುದಕ್ಕಿಂತ ಹೆಚ್ಚು ಕೊಳ್ಳುವ ದೇಶವಾಯಿತು. 2025ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಕೆಲವು ಬಗೆಯ ಉಕ್ಕಿನ ಆಮದಿಗೆ ಶೇ 12ರಷ್ಟು ರಕ್ಷಣಾ ಸುಂಕ ಹಾಕಿದ್ದು ಇದಕ್ಕೇ. ಚೀನಾವನ್ನು ಬಿಡುವುದು ಹೇಳಿದಷ್ಟು ಸುಲಭವೂ ಅಲ್ಲ. ಗಾಲ್ವಾನ್ ಘರ್ಷಣೆಯ ನಂತರ, 2020ರ ಜುಲೈನಲ್ಲಿ, ಜೆಎಸ್‌ಡಬ್ಲ್ಯೂ ಸಮೂಹ ಚೀನಾದಿಂದ ತರಿಸುವ ವರ್ಷಕ್ಕೆ 40 ಕೋಟಿ ಡಾಲರ್ ಸಾಮಾನನ್ನು 24 ತಿಂಗಳಲ್ಲಿ ಸೊನ್ನೆಗೆ ಇಳಿಸುವುದಾಗಿ ಹೇಳಿತ್ತು. 2023ರಲ್ಲಿ ಅದೇ ಸಮೂಹ ಕಾರು ತಯಾರಿಕೆಗೆ ಚೀನಾದ ಎಸ್‌ಎಐಸಿ ಕಂಪನಿಯ ಜೊತೆ ಪಾಲುದಾರಿಕೆ ಮಾಡಿಕೊಂಡಿತು. ವ್ಯಾಪಾರದ ಲೆಕ್ಕ ಗಡಿಯ ಸಿಟ್ಟಿನಷ್ಟು ದಿನ ಕಾಯುವುದಿಲ್ಲ.

ಇನ್ನು ಪಶ್ಚಿಮದ ಬಾಗಿಲು. ಅಮೆರಿಕ 2018ರಲ್ಲಿ ಉಕ್ಕಿನ ಮೇಲೆ ಶೇ 25 ಸುಂಕ ಹಾಕಿತು, 2025ರ ಜೂನ್‌ನಲ್ಲಿ ಅದನ್ನು ಶೇ 50ಕ್ಕೆ ಏರಿಸಿತು. ಯುರೋಪ್ ಒಕ್ಕೂಟ 2026ರ ಜನವರಿಯಿಂದ ಇಂಗಾಲದ ಗಡಿ ತೆರಿಗೆ ಜಾರಿಗೆ ತಂದಿದೆ. ಉಕ್ಕು ತಯಾರಿಸುವಾಗ ಎಷ್ಟು ಇಂಗಾಲ ಹೊರಬಿತ್ತು ಎಂಬ ಲೆಕ್ಕದ ಮೇಲೆ ಹಣ ಕಟ್ಟಬೇಕು. ಊದುಕುಲುಮೆಯಲ್ಲಿ ಒಂದು ಟನ್ ಉಕ್ಕಿಗೆ ಎರಡು ಟನ್‌ಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಅಂದರೆ ಇಲ್ಲಿನ ಹೊಗೆಗೆ ಬ್ರಸೆಲ್ಸ್‌ನಲ್ಲಿ ಬಿಲ್ ಆಗುತ್ತದೆ. ಆ ಹೊಗೆ ಕುಡಿಯುವ ಹಳ್ಳಿಯವರಿಗೆ ಆ ದುಡ್ಡಿನಲ್ಲಿ ಒಂದು ಪೈಸೆಯೂ ಬರುವುದಿಲ್ಲ.

ಎರಡು ದಿನದ ಕಥೆ

ಜಗತ್ತಿನ ಜಗಳ ಎಷ್ಟು ಬೇಗ ಇಲ್ಲಿಗೆ ಬರುತ್ತದೆ ಎಂಬುದಕ್ಕೆ 2022ರ ಮೇ ತಿಂಗಳ ಎರಡು ದಿನ ಸಾಕು. ಯುದ್ಧದಿಂದ ಉಕ್ರೇನಿನ ಮರಿಯುಪೋಲ್‌ನ ದೊಡ್ಡ ಉಕ್ಕಿನ ಕಾರ್ಖಾನೆಗಳು ನೆಲಸಮವಾಗಿದ್ದವು, ಉಕ್ಕಿನ ಬೆಲೆ ಏರಿತ್ತು. ಮೇ 20ರಂದು ಸುಪ್ರೀಂ ಕೋರ್ಟ್ ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಅದಿರನ್ನು ರಫ್ತು ಮಾಡಲು ಹತ್ತು ವರ್ಷಗಳ ನಂತರ ಮತ್ತೆ ಅನುಮತಿ ಕೊಟ್ಟಿತು. ಮರುದಿನ, ಮೇ 21ರಂದು, ಕೇಂದ್ರ ಸರ್ಕಾರ ದೇಶದೊಳಗೆ ಬೆಲೆ ಇಳಿಸಲು ಅದಿರಿನ ರಫ್ತಿಗೆ ಶೇ 50 ಸುಂಕ ಹಾಕಿತು. ನವೆಂಬರ್‌ನಲ್ಲಿ ಆ ಏರಿಕೆಯನ್ನು ವಾಪಸ್ ತೆಗೆದುಕೊಂಡಿತು. ಬಾಗಿಲು ತೆರೆದದ್ದು, ಮುಚ್ಚಿದ್ದು, ಮತ್ತೆ ತೆರೆದದ್ದು ಎಲ್ಲ ಆರು ತಿಂಗಳಲ್ಲಿ. ಇದರಲ್ಲಿ ಸಂಡೂರು ತಾಲೂಕಿನ ಯಾವ ಗ್ರಾಮಸಭೆಯನ್ನೂ ಯಾರೂ ಕೇಳಲಿಲ್ಲ.

ಅದೇ ವರ್ಷ ಆಗಸ್ಟ್‌ನಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ವರ್ಷಕ್ಕೆ ಅಗೆಯಬಹುದಾದ ಅದಿರಿನ ಮಿತಿಯೂ ಏರಿತು. 2013ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ್ದ ಮಿತಿ 2.5 ಕೋಟಿ ಟನ್. 2017ರಲ್ಲಿ ಅದು 2.8 ಕೋಟಿ, 2022ರಲ್ಲಿ 3.5 ಕೋಟಿ. ನೆಲ, ನೀರು, ರಸ್ತೆ ಎಷ್ಟು ತಡೆದುಕೊಳ್ಳುತ್ತವೆ ಎಂದು ಅಳೆದು ಇಟ್ಟ ಮಿತಿ ಅದು. ಮಾರುಕಟ್ಟೆ ಕೇಳಿದಾಗಲೆಲ್ಲ ಮೇಲೆ ಹೋಗುತ್ತಿದೆ.

ದೇವದಾರಿಗೆ ಬಂದ ಕುದುರೆಮುಖ

ಕುದುರೆಮುಖ ಕಂಪನಿಯ ಹೆಸರು ನೆನಪಿಟ್ಟುಕೊಳ್ಳಿ ಅಂದಿದ್ದೆ. ಈಗ ಅದರ ಹೆಸರು ಕೆಐಒಸಿಎಲ್. ಮಂಗಳೂರಿನ ಕಾರ್ಖಾನೆಗೆ ಸ್ವಂತ ಅದಿರಿಲ್ಲದೆ ವರ್ಷಗಟ್ಟಲೆ ಪರದಾಡಿದ ಕಂಪನಿಗೆ ಸಂಡೂರು ತಾಲೂಕಿನ ದೇವದಾರಿ ಗುಡ್ಡದಲ್ಲಿ ಗಣಿ ಗುತ್ತಿಗೆ ಸಿಕ್ಕಿದೆ. ಸುಮಾರು 400 ಹೆಕ್ಟೇರ್ ಅರಣ್ಯ, 99 ಸಾವಿರದಷ್ಟು ಮರಗಳ ಪ್ರಶ್ನೆ ಇದು. 2024ರ ಜೂನ್‌ನಲ್ಲಿ ಕೇಂದ್ರದ ಉಕ್ಕು ಸಚಿವರಾದ ಎಚ್.ಡಿ. ಕುಮಾರಸ್ವಾಮಿ ಮೊದಲಿಗೆ ಸಹಿ ಹಾಕಿದ ಕಡತ ಈ ಯೋಜನೆಯದ್ದು. ಕೆಲವೇ ದಿನಗಳಲ್ಲಿ ರಾಜ್ಯದ ಅರಣ್ಯ ಸಚಿವ ಈಶ್ವರ ಖಂಡ್ರೆ ಅರಣ್ಯ ಭೂಮಿ ಹಸ್ತಾಂತರಿಸದಂತೆ ಸೂಚಿಸಿದರು. ಸಂಡೂರಿನ ಜನ, ಪರಿಸರ ಸಂಘಟನೆಗಳು ಬೀದಿಗಿಳಿದವು.

ಗಮನಿಸಿ. ಇರಾನಿನ ಷಾನ ದುಡ್ಡಿನ ಆಸೆಗೆ ಕಟ್ಟಿದ ಕಂಪನಿ. ಗಿರಾಕಿ ಹೋದ, ಮೊದಲ ಕಾಡು ಬಿಡಬೇಕಾಯಿತು. ಕಂಪನಿಯ ನೌಕರರು ಬದುಕಬೇಕು ಎಂಬುದು ನ್ಯಾಯವೇ. ಅದಕ್ಕೆ ಈಗ ಇನ್ನೊಂದು ಗುಡ್ಡ ಕೊಡಬೇಕು ಅನ್ನುತ್ತಿದ್ದಾರೆ. ಟೆಹರಾನಿನಲ್ಲಿ 1979ರಲ್ಲಿ ನಡೆದ ಕ್ರಾಂತಿಯ ಬಾಕಿ 45 ವರ್ಷಗಳ ನಂತರ ಸಂಡೂರಿನ ಲೆಕ್ಕಕ್ಕೆ ಬಂದಿದೆ.

ಹಾಗಾದರೆ ನಮ್ಮ ಕೈಯಲ್ಲಿರುವುದೇನು?

ಚೀನಾ ಎಷ್ಟು ಉಕ್ಕು ಮಾಡಬೇಕು, ರಷ್ಯಾ ಯಾವಾಗ ಯುದ್ಧ ನಿಲ್ಲಿಸಬೇಕು, ಅಮೆರಿಕ ಎಷ್ಟು ಸುಂಕ ಹಾಕಬೇಕು ಎಂಬುದು ಬಳ್ಳಾರಿಯಲ್ಲಿ ತೀರ್ಮಾನವಾಗುವುದಿಲ್ಲ. ಬೇಡಿಕೆ ಯಾವತ್ತೂ ಹೊರಗಿನದು. ಆದರೆ ಆ ಬೇಡಿಕೆ ಬಂದು ಬಾಗಿಲು ಬಡಿದಾಗ ಎಷ್ಟು ಕೊಡಬೇಕು, ಯಾವ ದರಕ್ಕೆ, ಯಾವ ಷರತ್ತಿಗೆ ಎಂಬ ನಿಯಮ ನಮ್ಮದು. 1547ರಲ್ಲಿ ವಿಜಯನಗರ ಕೊನೇಪಕ್ಷ ಕಬ್ಬಿಣಕ್ಕೆ ಕುದುರೆ ಎಂದು ಲೆಕ್ಕ ಹಾಕಿ ಬರೆಸಿಕೊಂಡಿತ್ತು. 2006ರಲ್ಲಿ ನಾವು ಅದನ್ನೂ ಮಾಡಲಿಲ್ಲ.

ಮೂರು ಸಂಗತಿ ಕೇಳಬೇಕು. ಮೊದಲನೆಯದು, ಅದಿರಿನ ವಾರ್ಷಿಕ ಮಿತಿ ನೆಲದ ತಾಳಿಕೆಯ ಲೆಕ್ಕದಲ್ಲಿ ಇರಬೇಕು, ಬೆಲೆಯ ಲೆಕ್ಕದಲ್ಲಿ ಅಲ್ಲ. ಏರಿಸುವುದಾದರೆ ಹೊಸದಾಗಿ ಅಳೆದು, ಆ ಅಳತೆಯನ್ನು ಊರಿನವರ ಮುಂದಿಟ್ಟು ಏರಿಸಲಿ. ಎರಡನೆಯದು, ಗಣಿ ಬಾಧಿತ ಪ್ರದೇಶದ ಪುನಶ್ಚೇತನಕ್ಕೆ ಎಂದು ಸುಪ್ರೀಂ ಕೋರ್ಟ್ ಆದೇಶದಡಿ ಕೂಡಿಟ್ಟ ಹಣದಲ್ಲಿ ಸುಮಾರು 25 ಸಾವಿರ ಕೋಟಿ ರೂಪಾಯಿಯ ಯೋಜನೆ ಇದೆ. ಅದು ಕುಡಿಯುವ ನೀರು, ಆಸ್ಪತ್ರೆ, ಶಾಲೆಯಾಗಿ ಹಳ್ಳಿಗೆ ಮುಟ್ಟಬೇಕು. ಜಿಲ್ಲಾ ಕೇಂದ್ರದ ಕಟ್ಟಡವಾಗಿ ನಿಂತರೆ ಸಾಲದು. ಮೂರನೆಯದು, ಒಬ್ಬನೇ ಗಿರಾಕಿ, ಒಂದೇ ದೇಶದ ಕಲ್ಲಿದ್ದಲು ಎಂಬ ಅವಲಂಬನೆಯ ಮೇಲೆ ಗುಡ್ಡ, ಕಾಡು, ಊರುಗಳ ಭವಿಷ್ಯ ಕಟ್ಟುವ ಮುಂಚೆ ಕುದುರೆಮುಖದ ಕಡತವನ್ನು ಒಮ್ಮೆ ತೆಗೆದು ಓದಬೇಕು.

ಚೀನಾ ತನ್ನ ಅದಿರಿಗೆ ಆಸ್ಟ್ರೇಲಿಯಾವನ್ನೇ ನೆಚ್ಚಿಕೊಳ್ಳುವುದು ಬೇಡವೆಂದು ಆಫ್ರಿಕಾದ ಗಿನಿ ದೇಶದ ಸಿಮಂಡೂ ಗಣಿಗೆ ದುಡ್ಡು ಸುರಿದು 2025ರ ನವೆಂಬರ್‌ನಲ್ಲಿ ಮೊದಲ ಹಡಗು ತುಂಬಿಸಿಕೊಂಡಿತು. ಅಲ್ಲಿನ ಜನ ಈಗ ನಮ್ಮ 2003ರಲ್ಲಿದ್ದಾರೆ. ಇಲ್ಲಿ ನಾವು ಇನ್ನೊಂದು ಏರಿಕೆಯ ಹೊಸ್ತಿಲಲ್ಲಿದ್ದೇವೆ. ದೇಶ ತನ್ನ ಉಕ್ಕಿನ ಸಾಮರ್ಥ್ಯವನ್ನು 2030ರೊಳಗೆ 30 ಕೋಟಿ ಟನ್‌ಗೆ ಒಯ್ಯುವ ಗುರಿ ಇಟ್ಟುಕೊಂಡಿದೆ. ಅದರಲ್ಲಿ ದೊಡ್ಡ ಪಾಲು ಅದಿರು ಬರಬೇಕಾದ ಜಾಗಗಳಲ್ಲಿ ಈ ಸೀಮೆಯೂ ಒಂದು.

ಆದ್ದರಿಂದ ಮುಂದಿನ ಸಲ ಟಿವಿಯಲ್ಲಿ ಶೃಂಗಸಭೆಯ ಸುದ್ದಿ ಬಂದಾಗ ಚಾನೆಲ್ ಬದಲಿಸಬೇಡಿ. ಅಲ್ಲಿ ಯಾರು ಯಾರ ಕೈ ಹಿಡಿದರು, ಯಾರು ಬಿಟ್ಟರು ಎಂಬುದಕ್ಕೂ, ಮುಂದಿನ ವರ್ಷ ವಡ್ಡು ರಸ್ತೆಯಲ್ಲಿ ಎಷ್ಟು ಲಾರಿ ಓಡುತ್ತವೆ ಎಂಬುದಕ್ಕೂ ಸಂಬಂಧವಿದೆ. ಆ ಲಾರಿಗಳ ಪರ್ಮಿಟ್ ನೋಡುವ ಚೆಕ್‌ಪೋಸ್ಟ್ ಮಾತ್ರ ಇನ್ನೂ ನಮ್ಮೂರಿನಲ್ಲೇ ಇದೆ.